ಒಕೆಲೊನ ಬೈಬಲ್ಲಿನ ಮೇಲೆ ಬಿಳಿ ಕಲೆ

“ಅಮ್ಮಾ, ಕಾರ್ಡ್ ಇಲ್ರಿ! ಯಾರೋ ತಗಂಡು ಹೋಗ್ಯಾರೆ!”

ಒಕೆಲೊ ಕಾಲೇಜಿನಿಂದ ಬಂದವನೇ ಕೂಗಿಕೊಂಡ. ಅತ್ತೆಯೂ ನಾನೂ ಮಹಡಿಗೆ ಓಡಿದೆವು. ಹಾಸಿಗೆ ಬುಡಮೇಲು, ಬಟ್ಟೆ, ಚೀಲ, ದಿಂಬು ಎಲ್ಲ ನೆಲದ ಮೇಲೆ. ಅವನ ಕಪ್ಪು ರಟ್ಟಿನ ಬೈಬಲ್ ಮಾತ್ರ ಮೇಜಿನ ಮೇಲಿತ್ತು, ರಟ್ಟಿಗೆ ಬಿಳಿ ಕಲೆ ಹತ್ತಿತ್ತು.

ದೇವರಾಜ ಅರಸು ಬಡಾವಣೆಯ ಈ ಮನೆ ನನ್ನ ಸೋದರತ್ತೆ ಮರುಳಸಿದ್ದಮ್ಮನದು. ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಒಕೆಲೊ ಆಫ್ರಿಕಾದಿಂದ ಓದಲು ಬಂದ ಬಾಡಿಗೆ ಹುಡುಗ. ಮಂಡಕ್ಕಿ-ಮಿರ್ಚಿ ತಿಂದು ತಿಂದು ನಮ್ಮವನೇ ಆಗಿದ್ದ.

ಹೋದದ್ದು ಉಗುರಿನಷ್ಟು ಮೆಮೊರಿ ಕಾರ್ಡ್. ಆದರೆ ಅವನು ಪ್ರೀತಿಸಿದ ಗೆಳೆಯನ ಬಿಡುಗಡೆ ಅದರಲ್ಲೇ ಇತ್ತು. ಗಂಡು ಗಂಡನ್ನು ಪ್ರೀತಿಸಿದರೆ ಜೀವಾವಧಿ ಎಂಬ ಹೊಸ ಕಾನೂನಿನಡಿ ಆ ಗೆಳೆಯನನ್ನು ಅವರ ದೇಶದಲ್ಲಿ ಜೈಲಿಗೆ ಹಾಕಿದ್ದರು. ಆ ಕಾನೂನನ್ನು ಶಾಸಕರಿಗೆ ಹೇಳಿ ಬರೆಸಿದವನು ಇನ್ನೊಂದು ದೇಶದ ಧರ್ಮಪ್ರಚಾರಕ. ‘ಇದು ನಿಮ್ಮ ಸಂಸ್ಕೃತಿ ಅಂತಲೇ ಹೇಳಿ, ನಮ್ಮ ಹೆಸರು ಬರಬಾರದು’ ಎಂದು ಅವನು ಮುಚ್ಚಿದ ಕೋಣೆಯಲ್ಲಿ ಆಡಿದ ಮಾತು ಕಾರ್ಡಿನಲ್ಲಿತ್ತು. ನಾಳೆ ವಕೀಲರು ಬಂದು ಅಸಲು ಕಾರ್ಡನ್ನೇ ಒಯ್ಯಬೇಕಿತ್ತು.

“ನಾನಿಲ್ಲದಾಗ ಯಾರು ಬಂದಿದ್ರು, ವಾಣಿ?” ಅತ್ತೆ ನನ್ನನ್ನು ಕೇಳಿದಳು.

“ಗೋಡೆಗೆ ಸುಣ್ಣ ಹೊಡೆಯೋ ಜಮಾಲುದ್ದೀನಣ್ಣ. ಆಮೇಲೆ ಹರಿಹರದ ಬಸವಪ್ರಭು, ಅದೇ ‘ಸಂಸ್ಕೃತಿ ಉಳಿಸಿ’ ಸಭೆಯವ್ರು, ಸಭೆಗೆ ಕರಿಯಾಕೆ ಬಂದಿದ್ರು. ಜಗಲೀಲಿ ಕೂಡ್ರಿಸಿ ಟೀ ಕಾಸಾಕೆ ಒಳಗೋದೆ. ಬರೋಷ್ಟರಲ್ಲಿ ಹೊರಟು ನಿಂತಿದ್ರು.”

“ಸುಣ್ಣ!” ನಾನು ಕಲೆ ತೋರಿಸಿ ಜಮಾಲುದ್ದೀನನ ಮೇಲೆ ಹರಿಹಾಯ್ದೆ.

“ನಂಗ್ಯಾಕವ್ವ ಆ ಹುಡುಗನ ಕಾರ್ಡು?” ಅವನು ಕುಂಚ ಹಿಡಿದು ದಿಕ್ಕೆಟ್ಟು ನಿಂತ.

ಅತ್ತೆ ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿದಳು. “ಸಾಕು ಸುಮ್ನಿರು. ಬಸವಪ್ರಭುಗೆ ಫೋನ್ ಹಚ್ಚು. ನಿಮ್ಮ ಸಭೆಗೆ ಬರ್ತೀನಿ, ಮಾತಾಡೋದೈತೆ, ಸಂಜೆ ಮನೆಗೆ ಬರ್ರಿ ಅನ್ನು.”

ಸಂಜೆ ಬಸವಪ್ರಭು ಹಣೆತುಂಬ ವಿಭೂತಿ ಬಳಿದುಕೊಂಡು ನಗುನಗುತ್ತಾ ಬಂದ.

“ಬರ್ರಿ, ಕೂಡ್ರಿ. ಬೆಳಗ್ಗೆ ಮಹಡಿಗೆ ಹತ್ತಿದ್ರಾ?” ಅತ್ತೆ ಬೈಬಲ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

“ಛೇ! ಜಗಲಿ ಬಿಟ್ಟು ಅಲ್ಲಾಡಿಲ್ಲಕ್ಕಾ. ಅಂಥವನ ಕೋಣೆಗೆ ನಾ ಯಾಕ ಹೋಗ್ಲಿ?”

ಅತ್ತೆಯ ಕೈಯಿಂದ ಬೈಬಲ್ ಜಾರಿತು. ನೇರ ಅವನ ಪಾದದ ಮೇಲೆ ಬಿತ್ತು. ಅವನು ತಟ್ಟನೆ ಬಗ್ಗಿದ, ಎತ್ತಿದ, ಕಣ್ಣಿಗೂ ಹಣೆಗೂ ಒತ್ತಿಕೊಂಡು ಮೇಜಿನ ಮೇಲಿಟ್ಟ.

ಹಳೆಯ ಕಲೆಯ ಪಕ್ಕದಲ್ಲೇ ಹೊಸ ಕಲೆ!

“ನೋಡ್ದೇನೇ ವಾಣಿ? ಸುಣ್ಣ ಅಲ್ಲ ಅದು, ವಿಭೂತಿ. ನಾನೂ ದಿನಾ ಹಚ್ಕೊಳ್ಳೋಳೇ, ಗೊತ್ತಾಗಲ್ವಾ? ಕೋಣೆಯೆಲ್ಲಾ ಕಿತ್ತು ಬಿಸಾಕಿದ ಕಳ್ಳ ಇದೊಂದನ್ನೇ ಎತ್ತಿಡ್ತಾನೆ. ಯಾಕ? ಪುಸ್ತಕಕ್ಕೆ ಕಾಲು ತಾಗಿತ್ತು. ಅವ್ವ ಕಲಿಸಿದ್ದು, ಕಳ್ಳತನದಾಗೂ ಮರೀಲಿಲ್ಲ. ಕಾರ್ಡ್ ತೆಗೀಯೋ ಬಸವಪ್ರಭು!”

ಅವನ ಮುಖ ಕಪ್ಪಿಟ್ಟಿತು. ಒಳಜೇಬಿನಿಂದ ಕಾರ್ಡ್ ತೆಗೆದು ಒಕೆಲೊನ ಕೈಗಿಟ್ಟ. “ಕಾರ್ಡಿನಾಗೆ ಮಾತಾಡಿರೋ ಆ ಪರದೇಶದ ಗುರುಗಳೇ, ಇಲ್ಲೈತೆ ತಗಂಡು ಬಾ ಅಂದ್ರಕ್ಕಾ... ಭಾನುವಾರ ನಮ್ಮ ಸಭೆಗೆ ಬರ್ತಾರೆ. ಅವರ ದೇಶದಾಗೆ ನನ್ನೂ ಭಾಷಣಕ್ಕೆ ಕರೀತೀನಿ ಅಂದಿದ್ರು.”

“ಪುಸ್ತಕಕ್ಕೆ ಕಾಲು ತಾಗಿದ್ರೆ ಬಗ್ತೀಯ, ಅದನ್ನ ಓದೋ ಹುಡುಗನ್ನ ತುಳೀತೀಯ! ಆ ಬಗ್ಗಿದ್ಯಲ್ಲ, ಅದು ನಮ್ಮ ಸಂಸ್ಕೃತಿ. ಉಳಿದಿದ್ದೆಲ್ಲಾ ಆ ಪರದೇಶದವನು ಹೇಳಿಕೊಟ್ಟಿದ್ದು.”

ಒಕೆಲೊ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು ಅಳುತ್ತಿದ್ದ. ನನಗೂ ಕಣ್ಣು ತುಂಬಿತು. ಜಮಾಲುದ್ದೀನಣ್ಣನಿಗೆ ತಪ್ಪಾಯಿತು ಎಂದೆ.

ಬಸವಪ್ರಭು ಬಾಗಿಲತ್ತ ಸರಿದ. ಅತ್ತೆ ಬಿಡಲಿಲ್ಲ.

“ನಿಲ್ಲು. ಸಭೆಗೆ ಬರ್ತೀನಿ ಅಂದಿದ್ದು ಸುಳ್ಳಲ್ಲ. ಅಸಲು ನಾಳೆ ವಕೀಲರಿಗೆ. ನಕಲು ಭಾನುವಾರ ಹರಿಹರದಾಗೆ, ನಿಮ್ಮ ಗುರುಗಳ ಎದುರಿಗೆ, ನಿಮ್ಮದೇ ಮೈಕಿಗೆ ಹಾಕಿ ಊರಿಗೆಲ್ಲಾ ಕೇಳಿಸ್ತೀವಿ. ಒಕೆಲೊಗೆ ಮುಂದಿನ ಸಾಲಿನಾಗೆ ಒಂದು ಕುರ್ಚಿ ಇಡ್ಸು.”