ಬರ್ತೀನಿ ಅಂದವರ ಬಾವಿ

ಒಂದಾನೊಂದು ಮರಳುಗಾಡಿನಲ್ಲಿ ಒಂದು ಬಾವಿಯಿತ್ತಂತೆ. ಅದರ ನೀರು ಬತ್ತಿತ್ತು, ಕಿವಿ ಬತ್ತಿರಲಿಲ್ಲ. "ಬರ್ತೀನಿ" ಎಂದು ಹೇಳಿಹೋದ ಗಂಡನಿಗಾಗಿ ಅದರ ಕಟ್ಟೆಯ ಮೇಲೆ ಕಾದು ಕಾದು ಬಾಯಾರಿ ಸತ್ತವಳೊಬ್ಬಳು, ಕೊನೆಯುಸಿರಿಗೆ ಮುನ್ನ ತನ್ನ ಕೂದಲಿಗೆ ಏಳು ಗಂಟು ಹಾಕಿ ಒಳಗೆಸೆದಿದ್ದಳಂತೆ.

"ಆ ಮಾಟ ಇನ್ನೂ ಇದೆ ಕಣಮ್ಮಾ," ಎಂದ ಒಂಟೆಯವನು, ಡೇರೆಯ ಗೂಟ ಕೀಳುತ್ತಾ. "ಹೊರಡೋವಾಗ 'ಹೋಗ್ತೀನಿ' ಅನ್ನಿ, ಸಾಕು. 'ಬರ್ತೀನಿ' ಅಂದವರಿಗೆ ಎಷ್ಟು ಕುಡಿದ್ರೂ ದಾಹ ತೀರಲ್ಲ. ಮತ್ತೆ ಹತ್ತಿರ ಬಂದ್ರೋ, ಬಾವಿನೇ ಎಳ್ಕೊಳ್ಳುತ್ತೆ. ಇನ್ನೊಬ್ಬರು ಆ ಮಾತು ಅಂದ್ರೆ ಮಾತ್ರ ಮೊದಲಿನವರಿಗೆ ಬಿಡುಗಡೆ."

ಲಾಯರಮ್ಮ ನಕ್ಕಳು. ವಾದಕ್ಕೆ ನಿಂತರೆ ಬಿಡದವಳೆಂದು ಕಾಲೇಜಿನಲ್ಲಿ ಬಿದ್ದ ಹೆಸರು. ಮರಳುಗಾಡಿಗೆ ಬಂದದ್ದು ಇದೇ ಮೊದಲು. ಹಟ ಹಿಡಿದು ಕರೆತಂದವಳು ಹಾಸ್ಟೆಲ್ಲಿನ ಕೋಣೆಯ ಗೆಳತಿ ಗುಬ್ಬಿ. ಹೊತ್ತಿಲ್ಲ ಗೊತ್ತಿಲ್ಲ, "ಬಾಯಾರಿಕೆ ಕಣೇ" ಎನ್ನುತ್ತಾ ಮಲಗುವಾಗಲೂ ಬಾಟಲಿಯನ್ನು ಅವಚಿಕೊಳ್ಳುವವಳು. ಉಳಿದಿಬ್ಬರು ಗೆಳೆಯರು ಗಂಟುಮೂಟೆ ಹೊತ್ತು ಆಗಲೇ ದಿಬ್ಬ ದಾಟಿದ್ದರು.

"ಹೋಗ್ತೀನಿ ಅಂದ್ರೆ ನಮ್ಮಜ್ಜಿ ಬಾಯಿ ಮೇಲೆ ಹೊಡೀತಿದ್ಲು. ಈಗ ನಾನು ಅಜ್ಜಿ ಮಾತು ಕೇಳ್ಲಾ, ಬಾವಿ ಮಾತು ಕೇಳ್ಲಾ?"

"ಧೈರ್ಯ ಇದ್ರೆ ಅಂದ್ಬಿಡು ನೋಡೋಣ," ಗುಬ್ಬಿ ಕೆಣಕಿದಳು. ಅವಳು ದೂರದಲ್ಲಿ, ಒಂಟೆಯ ಹಗ್ಗವನ್ನು ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡು ನಿಂತಿದ್ದಳು.

"ಬೇಡಮ್ಮಾ!" ಎಂದು ಒಂಟೆಯವನು ಕೂಗುವಷ್ಟರಲ್ಲಿ ಲಾಯರಮ್ಮ ಕಟ್ಟೆಗೆ ಬಗ್ಗಿಯಾಗಿತ್ತು.

"ಹೋಗಿ ಬರ್ತೀನೀ!"

ಬಾವಿ ಕೊನೆಯ ಅಕ್ಷರವನ್ನಷ್ಟೇ ಹಿಂದಿರುಗಿಸಿತು.

"ನೀ... ನೀ... ನೀ..."

ತಳದಿಂದ ಸುಟ್ಟ ಕೂದಲಿನ ವಾಸನೆ ಎದ್ದಿತು. ಒಂಟೆಯವನು ಕಿವಿ ಮುಚ್ಚಿಕೊಂಡು ದಿಬ್ಬದತ್ತ ಓಡಿದ. ಹಿಂದೆ ಗುಟುಕರಿಸುವ ಸದ್ದು. ಗುಬ್ಬಿ ಒಂದೇ ಗುಟುಕು ಕುಡಿದು, ಬಾಟಲಿ ಬೋರಲು ಹಾಕಿ, ಉಳಿದ ನೀರನ್ನೆಲ್ಲ ಮರಳಿಗೆ ಸುರಿಯುತ್ತಿದ್ದಳು.

"ಮೂರು ವರ್ಷದ ಮೇಲೆ ಸಾಕು ಅನ್ನಿಸ್ತು ಕಣೇ," ಅಳುತ್ತಲೇ ನಕ್ಕಳು.

"ಅಂದ್ರೆ ನೀನು ಮುಂಚೆನೇ ಇಲ್ಲಿಗೆ..."

"ನಿನ್ನ ಬಾಯಿಗೆ 'ಹೋಗ್ತೀನಿ' ಅನ್ನೋ ಮಾತು ಬರಲ್ಲ ಅಂತ ನಂಗೆ ಗೊತ್ತಿತ್ತು. ಅದಕ್ಕೇ ನಿನ್ನೇ ಕರ್ಕೊಂಡು ಬಂದೆ."

ಬೆಳಗ್ಗೆ ತನ್ನ ಜಡೆ ಹೆಣೆದ ಕೈಗಳವು! ನೆರಳು ಕೊಟ್ಟ ಮರವೇ ಮೈಮೇಲೆ ಬಿದ್ದಂತಾಯಿತು. ಗಾಳಿ ಎದ್ದಿತು. ಹಗಲು ಮಸುಕಾಯಿತು. ನಾಲಿಗೆ ಒಣಗಿತು. ಕಾಲು ತಾನಾಗಿ ಕಟ್ಟೆ ಹತ್ತಿತು. ಬತ್ತಿದ ತಳದಲ್ಲಿ ನೀರು. ತಣ್ಣನೆಯ ನೀರು. ಕರೆಯುತ್ತಿತ್ತು. ಇನ್ನೊಂದೇ ಹೆಜ್ಜೆ.

ಗುಬ್ಬಿ ಹಗ್ಗ ಬಿಚ್ಚಿಕೊಂಡು ಬೆನ್ನು ತಿರುಗಿಸಿದ್ದಳು.

ಆಗ ಲಾಯರಮ್ಮನಿಗೆ ಹಾಸ್ಟೆಲ್ಲಿನ ಬಾಗಿಲು ನೆನಪಾಯಿತು. ದಿನವೂ ಆ ಹೊಸ್ತಿಲಲ್ಲಿ ಇಬ್ಬರೂ ಆಡುತ್ತಿದ್ದ ಮಾತು. ಒಣಗಿದ ಗಂಟಲಿಗೆ ಇದ್ದಬದ್ದ ಅಕ್ಕರೆಯನ್ನೆಲ್ಲ ತುಂಬಿಕೊಂಡು ಕರೆದಳು:

"ಗುಬ್ಬೀ, ಹೊರಟ್ಯೇನೇ? ಹುಷಾರು."

"ಹ್ಞೂಂ ಕಣೇ, ಬರ್ತೀನಿ..."

ಗುಬ್ಬಿ ಗಬಕ್ಕನೆ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು.

"ನೀ... ನೀ..."

ಲಾಯರಮ್ಮನ ಬಾಯಲ್ಲಿ ಎಂಜಲು ಊರಿತು. ಕಟ್ಟೆಯಿಂದ ಈಚೆಗೆ, ಮರಳಿಗೆ ಉರುಳಿದಳು. ಅವಳ ಪಕ್ಕದಲ್ಲೇ ಗುಬ್ಬಿಯ ಕಾಲುಗಳು ನಡೆದು ಬಂದವು.

"ಕೈ ಹಿಡ್ಕೊಳ್ಳೇ! ನಿನ್ನ ದಮ್ಮಯ್ಯ, ಕೈ!"

ಲಾಯರಮ್ಮ ಎರಡೂ ಕೈಗಳನ್ನು ಎದೆಗೆ ಅವಚಿಕೊಂಡಳು.

ಮೂರು ವರ್ಷದ ಹಿಂದೆ ಕೊಟ್ಟಿದ್ದ ಮಾತನ್ನು ಗುಬ್ಬಿ ಉಳಿಸಿಕೊಂಡಳು.