ಗೇಟಿನಾಚೆ ನಿಂತ ಕಳ್ಳಬೆಕ್ಕು

‘ಹೋಗಬೇಡ’ ಎಂಬ ಒಂದೇ ಒಂದು ಮಾತಿಗಾಗಿ ನಾನು ಬಟ್ಟೆಯ ಬ್ಯಾಗನ್ನು ಹಜಾರದ ನಟ್ಟನಡುವೆ ಇಟ್ಟಿದ್ದೆ. ಎಡವಿಯಾದರೂ ಕೇಳಲಿ ಎಂದು. ನನ್ನ ಗಂಡ ಎಂಬ ಪುಣ್ಯಾತ್ಮರು ಅದನ್ನು ಸುತ್ತು ಹಾಕಿ ದಾಟಿ, ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದರು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದೊಯ್ಯಲು ಅಣ್ಣ ಬರುವವನಿದ್ದ. ದೂರದ ಊರಿನಲ್ಲಿ ಅವನದು ಪರದೆ ಅಂಗಡಿ. ಹೊಲಿಗೆಯ ಉಸ್ತುವಾರಿಗೆ ನನ್ನನ್ನು ಕರೆದಿದ್ದ. ಆ ಸುದ್ದಿ ಹೇಳಿದ ದಿನ ಇವರು ಹೊಸ ಕಾರಿನ ಕೈಪಿಡಿಯಿಂದ ತಲೆ ಎತ್ತದೆ “ನಿನ್ನಿಷ್ಟ” ಅಂದಿದ್ದರು. ಬೈದಿದ್ದರೂ ಸಹಿಸುತ್ತಿದ್ದೆ. ಆ ‘ನಿನ್ನಿಷ್ಟ’ ನನ್ನನ್ನು ಒಳಗೊಳಗೇ ಕೊಂದುಹಾಕಿತು.

ಎಲ್ಲ ಕೆಟ್ಟಿದ್ದು ಆ ಕಾರು ಬಂದ ಮೇಲೆ. ಇವರದು ಜಮೀನು ಅಳೆಯುವ ಕೆಲಸ. ಮದುವೆಯಾದಾಗಿನಿಂದ ಹಳೆಯ ಡೀಸೆಲ್ ಜೀಪಿತ್ತು. ಅತ್ತೆಯ ಮಂಡಿಗೆ ಅದನ್ನು ಹತ್ತಲಾಗದೆ, ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಏಳು ಸೀಟಿನ ಹೈಬ್ರಿಡ್ ಗಾಡಿ ತಂದರು. ಸದ್ದೇ ಇಲ್ಲದೆ ಬಂದು ನಿಲ್ಲುವ ಅದಕ್ಕೆ ಅತ್ತೆ ‘ಕಳ್ಳಬೆಕ್ಕು’ ಎಂದು ಹೆಸರಿಟ್ಟರು.

“ಪ್ಲಗ್ ಎಲ್ಲಿ ಚುಚ್ತೀರಿ?” ಎಂದು ಪಕ್ಕದ ಮನೆಯವರು ಕೇಳಿದರೆ ಸಾಕು, ಇವರ ಮುಖ ಅರಳುತ್ತಿತ್ತು.

“ಪ್ಲಗ್ಗೇ ಬೇಡ, ಸದ್ದೂ ಇಲ್ಲ! ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ತುಂಬ್ಕೊಳ್ಳುತ್ತೆ. ನಿಂತಲ್ಲೇ ಎ.ಸಿ. ಹಾಕ್ಕೊಂಡು ಕೂತರೂ ಅಷ್ಟೆ, ಬ್ಯಾಟರಿ ಇಳಿದ್ರೆ ಇಂಜಿನ್ ತಾನಾಗೇ ಸ್ಟಾರ್ಟ್ ಆಗುತ್ತೆ.”

ಅಷ್ಟುದ್ದದ ಮಾತು ನನ್ನ ಜೊತೆ ಆಡಿ ಎಷ್ಟು ಕಾಲವಾಗಿತ್ತೋ. ಒಂದು ಕಾರಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಯಾವ ಹೆಣ್ಣಿಗೂ ಬೇಡ.

ಜೀಪಿನ ಕಾಲ ಬೇರೆಯೇ ಇತ್ತು. ಮದುವೆಯಾದ ಹೊಸದರಲ್ಲಿ ಇವರು ಗೇಟಿನ ಮುಂದೆ ಹಾರ್ನ್ ಹೊಡೆದಾಗ ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. “ಹಾರ್ನಿಗೆ ಓಡಿ ಬರೋಕೆ ನಾನೇನು ವಾಚ್‌ಮನ್ನಾ?” ಇವರು ಕಿವಿ ಹಿಡಿದುಕೊಂಡು ನಕ್ಕರು. ಅಂದಿನಿಂದ ಹಾರ್ನ್ ಇಲ್ಲ. ತಿರುವಿನಲ್ಲಿ ಜೀಪು ಕೆಮ್ಮಿದರೆ ನನ್ನ ಕಾಲು ಕಿಟಕಿ ಪಕ್ಕದ ಹೊಲಿಗೆ ಯಂತ್ರದಿಂದ ತಾನಾಗಿ ಇಳಿಯುತ್ತಿತ್ತು. ಗಾಡಿ ಬರುವಷ್ಟರಲ್ಲಿ ನಾನು ಗೇಟು ತೆರೆದು ನಿಂತಿರುತ್ತಿದ್ದೆ. ಇವರು ಕಿಟಕಿಯಿಂದಲೇ ಕಣ್ಣು ಹೊಡೆಯುತ್ತಿದ್ದರು, ಮನೆಯೊಳಗೆ ಅತ್ತೆ ಕೂತಿದ್ದಾರೆಂಬ ಪರಿವೆಯೂ ಇಲ್ಲದೆ.

ಈಗ ಕತ್ತಲಾದ ಮೇಲೆ ಬರುತ್ತಿದ್ದರು. ನಾನು ಹೊಲಿಗೆಯಿಂದ ತಲೆ ಎತ್ತಿದಾಗ ಹಜಾರದಲ್ಲಿ ನಿಂತಿರುತ್ತಿದ್ದರು, ಮುಖ ಗಂಟು ಹಾಕಿಕೊಂಡು.

“ತಡ ಆಯ್ತಾ?”

“ಹ್ಞೂಂ. ಕೆಲಸ.”

ಕಚೇರಿಗೆ ಫೋನ್ ಮಾಡಿದರೆ ಜೊತೆಗಾರ, “ಅಕ್ಕಾ, ಅವರು ಆಗಲೇ ಹೊರಟ್ರಲ್ಲ” ಅಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ತಿಳಿಯುವುದಿಲ್ಲವೇ? ಯಾರವಳು, ಎಲ್ಲಿಯವಳು ಎಂದು ಯೋಚಿಸಿ ಯೋಚಿಸಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಕೇಳಲು ಧೈರ್ಯವಿರಲಿಲ್ಲ. ಹೌದು ಎಂದುಬಿಟ್ಟರೆ?

ಬ್ಯಾಗು ಹಜಾರದಲ್ಲಿಟ್ಟ ಆ ಸಂಜೆ ಗಿರಾಕಿಗಳಿಗೆ ಕೊಡಬೇಕಿದ್ದ ಕೊನೆಯ ಪರದೆ ಹೊಲಿಯುತ್ತಿದ್ದೆ. ಕಣ್ಣು ಮಂಜಾಗಿ ದಾರ ತುಂಡಾಯಿತು. ಸೂಜಿಗೆ ದಾರ ಪೋಣಿಸಲು ಕಾಲು ತೆಗೆದೆ. ಯಂತ್ರ ಸುಮ್ಮನಾದ ಆ ಗಳಿಗೆಯಲ್ಲಿ ಗೇಟಿನಾಚೆ ‘ಗ್ರ್ರ್’ ಎಂದು ಒಂದು ಇಂಜಿನ್ ಎದ್ದಿತು. ಯಾವ ಗಾಡಿಯೂ ಬಂದ ಸದ್ದಿರಲಿಲ್ಲ. ನಿಂತಲ್ಲೇ ಎದ್ದ ಸದ್ದು.

ನಿಂತಲ್ಲೇ! ನಾನು ಬರಿಗಾಲಲ್ಲಿ ಓಡಿದೆ.

ದೀಪ ಆರಿಸಿಕೊಂಡು ಕಳ್ಳಬೆಕ್ಕು ಗೇಟಿಗೆ ಮೂತಿ ತಾಗಿಸಿ ನಿಂತಿತ್ತು. ಒಳಗೆ ಇವರು ಸ್ಟಿಯರಿಂಗ್ ಮೇಲೆ ಹಣೆಯಿಟ್ಟಿದ್ದರು. ಕಿಟಕಿ ತಟ್ಟಿದೆ. ಬೆಚ್ಚಿ ತಲೆ ಎತ್ತಿದಾಗ, ಡ್ಯಾಶ್‌ಬೋರ್ಡಿನ ಹಸಿರು ಬೆಳಕಿನಲ್ಲಿ ಕೆನ್ನೆ ಒದ್ದೆಯಾಗಿದ್ದು ಕಂಡಿತು.

“ಯಾವಾಗ ಬಂದ್ರಿ?”

“ಆಗಲೇ. ಇವತ್ತು ಬೇಗ ಬಂದೆ. ನಾಳೆ ನೀನು ಹೋಗ್ತೀಯಲ್ಲ.” ಗಾಜು ಇಳಿಸಿದರೂ ನನ್ನ ಕಡೆ ನೋಡಲಿಲ್ಲ. “ದಿನಾ ಇಲ್ಲೇ ಕೂತಿರ್ತೀನಿ. ಇವತ್ತಾದ್ರೂ ಗೇಟಿಗೆ ಬರ್ತೀಯೇನೋ ಅಂತ. ಕತ್ತಲಾದ್ಮೇಲೆ ನಾನೇ ತೆಗೆದು ಒಳಗೆ ಬರ್ತೀನಿ.”

“ಅಯ್ಯೋ, ನೀವು ಬಂದಿದ್ದು ನನಗೆ ಹೇಗ್ರೀ ಗೊತ್ತಾಗ್ಬೇಕು?”

“ಗೊತ್ತಿತ್ತು ನಿನಗೆ. ಹೊಸ ಗಾಡೀಲಿ ಬಂದ ಮೊದಲನೇ ದಿನ ನನ್ನ ಹೆಡ್‌ಲೈಟು ನಿನ್ನ ಮುಖದ ಮೇಲೇ ಬಿತ್ತು. ನೀನು ತಲೆ ಎತ್ತಿ ನೋಡಿದೆ. ಆಮೇಲೆ ಪರದೆ ಎಳ್ಕೊಂಡೆ, ಇವತ್ತಿನವರೆಗೂ ತೆಗೆದಿಲ್ಲ.” ಅಂಗೈಯಿಂದ ಕೆನ್ನೆ ಒರೆಸಿಕೊಂಡರು. “ಇವಳಿಗೆ ನಾನು ಬೇಡವಾದೆ ಅಂದ್ಕೊಂಡೆ. ಗೇಟಿಗೂ ಬರದವಳನ್ನ ಯಾವ ಬಾಯಲ್ಲಿ ನಿಲ್ಲು ಅನ್ನಲಿ?”

“ಯಾರದೋ ಗಾಡಿ ಕಣ್ಣಿಗೆ ಕುಕ್ತಿದೆ ಅಂತ ಎಳೆದೆ ಕಣ್ರೀ!” ನಾನು ಅಳುತ್ತಲೇ ಕಿರುಚಿದೆ. “ನನ್ನ ಕಿವಿ ಜೀಪಿಗೆ ಕಾಯ್ತಿತ್ತು. ಊರಿಗೆಲ್ಲ ಇದರ ಸದ್ದಿಲ್ಲ ಸದ್ದಿಲ್ಲ ಅಂತ ಡಂಗುರ ಸಾರಿದ್ರಲ್ಲ, ಹೆಂಡತಿಗೂ ಕೇಳಿಸಲ್ಲ ಅಂತ ಹೊಳೀಲಿಲ್ವಾ?”

ಇಡೀ ಊರಿನ ನೆಲ ಅಳೆದ ಮನುಷ್ಯ ಪೆದ್ದು ಪೆದ್ದಾಗಿ ನನ್ನನ್ನೇ ನೋಡಿದರು.

“ಹೊಳೀಲೇ ಇಲ್ಲ ಕಣೇ.”

“ಒಂದು ಸಲ ಹಾರ್ನ್ ಹೊಡೆದಿದ್ರೆ ಏನಾಗ್ತಿತ್ತು?”

“ಹೊಡೆಯಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ.”

ನನಗೆ ಅವರನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಕಿಟಕಿಯೊಳಗೆ ತೋಳು ತೂರಿಸಿ ಕುತ್ತಿಗೆ ತಬ್ಬಿಕೊಂಡೆ. ಅವರ ಗಡ್ಡ ನನ್ನ ಕಿವಿಗೆ ಚುಚ್ಚಿತು.

“ಹೋಗಬೇಡ,” ಅಂದರು ಕೊನೆಗೂ. “ನೀನಿಲ್ದೆ ಇದ್ರೆ ಈ ಏಳು ಸೀಟಲ್ಲಿ ನಾನು ಏನು ಮಾಡ್ಲಿ?”

ಬ್ಯಾಟರಿ ತುಂಬಿತೋ ಏನೋ, ಇಂಜಿನ್ ಥಟ್ಟನೆ ಆರಿತು. ಬೀದಿಯೆಲ್ಲ ನಿಶ್ಶಬ್ದವಾಯಿತು. ನಾನು ಕಣ್ಣೊರೆಸಿಕೊಂಡು, ಹಿಂದೆ ಸರಿದು, ಗೇಟಿನೊಳಗೆ ಹೋಗಿ ಚಿಲಕ ಹಾಕಿಕೊಂಡೆ.

“ಏ, ಯಾಕೆ?” ಇವರು ಕಿಟಕಿಯಿಂದ ತಲೆ ಹೊರಹಾಕಿದರು.

“ಹಾರ್ನ್ ಹೊಡೀರಿ.”

“ಈಗ್ಲಾ?”

“ಈಗ್ಲೂ ಹೊಡೀಬೇಕು, ದಿನಾ ಹೊಡೀಬೇಕು. ಇನ್ನು ಮೇಲೆ ನಾನೇ ವಾಚ್‌ಮನ್ನು.”

ಇವರು ಅಂಗೈಯೂರಿ ಒತ್ತಿದರು. ಇಷ್ಟು ದಿನ ಬಾಯಿ ಕಟ್ಟಿದ್ದ ಕಳ್ಳಬೆಕ್ಕು ಬೀದಿಯೇ ಅದುರುವಂತೆ ಅರಚಿತು. ಅತ್ತೆ ಕಿಟಕಿಗೆ ಬಂದು ಗಾಬರಿಯಿಂದ ಕೂಗಿದರು, “ಏನಾಯ್ತೋ? ಯಾರಿಗೆ ಏನಾಯ್ತು?”

“ಏನಿಲ್ಲಮ್ಮಾ,” ಇವರು ಕೈ ತೆಗೆಯದೆ ಕೂಗಿದರು. “ಮನೆಗೆ ಬಂದೆ!”

ನಾನು ಗೇಟು ತೆರೆದೆ.