ಗಂಜಿ ಹಾಕಿದ ಕೊಡೆ

“ಯಾರದ್ದು ಇದು? ನನ್ನ ಸಂಡಿಗೆ ಎಲ್ಲ ಹಾಳಾಯಿತಲ್ಲ!”

ಚಾಪೆಯ ನಡುವೆ ಬಿದ್ದು ಹೊಗೆಯಾಡುತ್ತಿದ್ದ ವಸ್ತುವನ್ನು ದಮಯಂತಿ ಎತ್ತಿ ನೋಡಿದಳು. ಥೇಟ್ ಲಾಟೀನು! ಆದರೆ ಅಡಿಕೆ ಹಾಳೆಯಲ್ಲಿ ಮಾಡಿದ್ದು.

ಬೇಲಿಯಾಚೆ ತಲೆ ತಗ್ಗಿಸಿ ನಿಂತಿದ್ದವರು ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಮಾಷ್ಟ್ರು, ತೀರ್ಥರಾಮ.

“ನನ್ನದು... ರಾಕೆಟ್.”

“ಲಾಟೀನು ಹಾರುದುಂಟಾ ಮಾರಾಯ್ರೆ?”

“ಹಾರ್ತದೆ. ಮುರಿಯದ ಹಾಗೆ ಇಳಿಸುದೇ ಕಷ್ಟ. ಮೇಲೆ ಹೋದ ಮೇಲೆ ಒಳಗಿಂದ ಬಟ್ಟೆಯ ಕೊಡೆ ಬಿಚ್ಚಿಕೊಳ್ಳಬೇಕು. ನನಗೆ ಹೊಲಿಯಲಿಕ್ಕೆ ಬರುದಿಲ್ಲ.”

ಊರಿಗೆಲ್ಲ ರವಿಕೆ ಹೊಲಿಯುವ ದಮಯಂತಿಗೆ ನಗು ಬಂತು. “ನಾನು ಹೊಲಿದು ಕೊಡ್ತೇನೆ. ಸಂಡಿಗೆಗೆ ಮಾತ್ರ ಕ್ಷಮೆ ಇಲ್ಲ!”

ಆಮೇಲೆ ಅಳತೆ ಕೊಡಲು, ನೂಲು ಕೊಡಲು ಎಂದು ಅವರು ದಿನಾ ಬಂದರು. ಸಂಜೆಯಾದರೆ ಅವಳ ಕಿವಿ ಬೇಲಿಯ ಕಡೆಗೇ!

ಕೊಡೆ ತಯಾರಾಯಿತು. ಶಾಲೆಯ ವಾರ್ಷಿಕೋತ್ಸವದ ಹಿಂದಿನ ದಿನ ಅವಳಿಗೆ ಅನಿಸಿತು... ಇಷ್ಟು ಜನ ನೋಡುವಾಗ ಬಟ್ಟೆ ಮುದುಡಿದ್ದರೆ ಚಂದವೇ? ಮದುವೆಗೆ ಉಡುವ ನೂಲಿನ ಸೀರೆಗೆ ಹಾಕುವಂತೆ ಗಂಜಿ ತಿಳಿಯಲ್ಲಿ ಅದ್ದಿ, ಇಸ್ತ್ರಿ ಹಾಕಿ, ನೀಟಾಗಿ ಮಡಚಿ ಕೊಟ್ಟಳು.

ಮರುದಿನ ಲಾಟೀನು ಜೋರಾಗಿ ಏರಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಕೊಡೆ ಬಿಚ್ಚಿಕೊಳ್ಳಲಿಲ್ಲ! ರಾಕೆಟ್ ಸೀದಾ ಶಾಲೆಯ ಮಾಡಿಗೆ ಅಪ್ಪಳಿಸಿತು. ಹಂಚುಗಳು ಚೂರಾಗಿ ಉದುರಿದವು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ.

“ಎಂತ ಇದು? ಮಕ್ಕಳ ತಲೆಗೆ ಬಿದ್ದಿದ್ದರೆ?” ಹೆಡ್‌ಮಾಷ್ಟ್ರು ಚೆನ್ನಪ್ಪನವರು ಎಲ್ಲರೆದುರೇ ಗದರಿದರು. “ಇನ್ನು ಈ ಆಟ ಬೇಡ!”

“ತಪ್ಪು ನನ್ನದೇ ಸರ್,” ಎಂದರು ತೀರ್ಥರಾಮ.

ದಮಯಂತಿಗೆ ಥಟ್ಟನೆ ಹೊಳೆಯಿತು. ಗಂಜಿ! ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿವೆ! ತಪ್ಪು ತನ್ನದೆಂದು ಹೇಳುವುದು ಬಿಟ್ಟು, ಸೆರಗು ಮುಖಕ್ಕೆ ಒತ್ತಿಕೊಂಡು ಮನೆಗೆ ಓಡಿದಳು.

ಮರುದಿನದಿಂದ ಅವರು ಬೇಲಿಯ ಹತ್ತಿರ ಸುಳಿಯಲಿಲ್ಲ. ‘ನನ್ನ ಮೇಲೆ ಸಿಟ್ಟು. ಇರಲೇಬೇಕು...’

ಹತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಅತ್ತಿಗೆ ಶಂಕರಿ ನಗುತ್ತಾ ಬಂದಳು. “ಕೇಳಿದೆಯಾ? ಬೆಳ್ಳಾರೆ ಪೇಟೆಯಲ್ಲಿ ಅವರಿಗೀಗ ಲಾಟೀನು ಮಾಷ್ಟ್ರು ಅಂತಲೇ ಹೆಸರು! ಪಾಪ, ಬೇರೆ ಶಾಲೆಗೆ ವರ್ಗ ಕೇಳಿದ್ದಾರಂತೆ.”

ಅವಳ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ನನ್ನ ನಾಚಿಕೆಯನ್ನು ಅವರು ಹೊತ್ತುಕೊಂಡು ತಿರುಗಬೇಕೇ?

ಆ ಬೆಳಗ್ಗೆಯೇ ಶಾಲೆಗೆ ನಡೆದಳು. ಮಾಷ್ಟ್ರುಗಳೆಲ್ಲ ಕೂತಿದ್ದ ಕೋಣೆಯ ಬಾಗಿಲಲ್ಲಿ ನಿಂತಳು. ಅವರೂ ಅಲ್ಲೇ ಇದ್ದರು!

“ಸರ್... ಕೊಡೆಗೆ ಗಂಜಿ ಹಾಕಿದ್ದು ನಾನು. ಚಂದ ಕಾಣಲಿ ಅಂತ. ಅದಕ್ಕೇ ಬಿಚ್ಚಿಕೊಳ್ಳಲಿಲ್ಲ. ಇವರ ತಪ್ಪು ಏನೂ ಇಲ್ಲ.”

ಯಾರೋ ಕಿಸಕ್ಕೆಂದರು. ಅವಳ ಕಿವಿ ಸುಟ್ಟಂತಾಯಿತು. ಚೆನ್ನಪ್ಪನವರು ಕನ್ನಡಕ ತೆಗೆದು, “ಗಂಜಿಯಾ?” ಎಂದರು. ಆಮೇಲೆ ಮೆತ್ತಗೆ, “ಇನ್ನು ಹಾರಿಸುದಾದರೆ ಖಾಲಿ ಗದ್ದೆಯಲ್ಲಿ ಹಾರಿಸಿ ಮಾಷ್ಟ್ರೆ.”

ತೀರ್ಥರಾಮ ಗೇಟಿನವರೆಗೂ ಅವಳ ಹಿಂದೆ ಬಂದರು.

“ನನಗೆ ಗೊತ್ತಿತ್ತು. ಅವತ್ತೇ, ರಾಕೆಟ್ ಬಿದ್ದ ಮೇಲೆ, ಕೊಡೆ ಬಿಡಿಸಿ ನೋಡಿದ್ದೆ. ಗಂಜಿಯ ಪರಿಮಳ!”

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ಹಾರಿಸುವ ಮೊದಲು ಬಿಡಿಸಿ ಪರೀಕ್ಷೆ ಮಾಡಬೇಕಾದದ್ದು ನಾನು. ಮಾಡಲಿಲ್ಲ... ನೀವು ಕೊಟ್ಟದ್ದನ್ನು ಬಿಡಿಸಲಿಕ್ಕೆ ಮನಸ್ಸೇ ಬರಲಿಲ್ಲ. ಆಮೇಲೆ ನೀವು ಓಡಿದಿರಿ. ‘ಇವನ ಪರಿಚಯವೇ ನಾಚಿಕೆ’ ಅಂತ ನಿಮಗೆ ಅನಿಸಿತು ಅಂದುಕೊಂಡೆ.”

“ಅಯ್ಯೋ! ನನಗೆ ನಾಚಿಕೆ ಆದದ್ದು ನನ್ನ ಮೇಲೆ!”

ಮುಂದಿನ ಭಾನುವಾರ, ಕೊಯ್ಲಾದ ಗದ್ದೆಯಲ್ಲಿ, ಚೆನ್ನಾಗಿ ತೊಳೆದ ಕೊಡೆ ಬಿಳಿ ಹೂವಿನಂತೆ ಅರಳಿತು. ಲಾಟೀನು ತೂಗಾಡುತ್ತಾ ಇಳಿದು ದಮಯಂತಿಯ ಮಡಿಲಿಗೇ ಬಂತು.

“ಮುರಿಯಲಿಲ್ಲ!” ಅವಳ ಕಣ್ಣು ತುಂಬಿತು.

“ವರ್ಗದ ಅರ್ಜಿ ಹಿಂದೆ ತೆಗೆದೆ,” ಎಂದರು ಅವರು ಮೆಲ್ಲಗೆ. “ನಿಮ್ಮ ಅಣ್ಣನ ಹತ್ತಿರ ಮಾತಾಡ್ಲಾ?”

ಅವಳು ತಲೆ ತಗ್ಗಿಸಿದಳು. “ಮಾತಾಡಿ...”

“ಇನ್ನು ಕೊಡೆಗೆ ಗಂಜಿ?”

“ಇಲ್ಲ! ಗಂಜಿ ಇನ್ನು ನಿಮ್ಮ ಬಟ್ಟಲಿಗೆ ಮಾತ್ರ. ಜೊತೆಗೆ ಸಂಡಿಗೆ!”